ಮೈಸೂರು ಅರಸರು, ಗಾಜಿನ ಬಟ್ಟಲು, ತೂತು ಹೊಡೆದ ಕಾಗದ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಯಿತು, ಅದು ನನಗೆ ಬಹಳ ಇಷ್ಟದ ಕತೆ.

ಪ್ರಶ್ನೆ: ಮೈಸೂರು ಮಹಾರಾಜರು ರಷ್ಯಾದ ಯಾರೋ ಸಂಗೀತಗಾರರಿಗೆ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದ್ದರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜಾನಾ, ಸುಮ್ನೆ ಹಬ್ಬಿಸಿದ್ದಾ? (ನಂಜನಗೂಡಿನ ಓದುಗರು)

ನಿಜ. ಅಲ್ಲಿ ಬಂದದ್ದೂ ಒಂದೊಂದು ಸಲ ನಿಜ ಇರುತ್ತದೆ.

ಆ ಸಂಗೀತಗಾರರ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಪಿಯಾನೋ ಅವರ ಜೀವ, ಬರೆದದ್ದೆಲ್ಲ ಹೆಚ್ಚುಕಡಿಮೆ ಪಿಯಾನೋಗೇ. ರಷ್ಯಾದವರೇ ಆದ ಹೆಸರಾಂತ ಸಂಗೀತಗಾರ ರಖ್ಮಾನಿನೊವ್ ಅವರ ಆಪ್ತ ಗೆಳೆಯ. ಮೆಟ್ನರ್ ತಮ್ಮ ಎರಡನೇ ಪಿಯಾನೋ ಕನ್ಸರ್ಟೋವನ್ನು (ಪಿಯಾನೋ ಮುಂದೆ, ವಾದ್ಯವೃಂದ ಜೊತೆಗೆ ಇರುವ ದೊಡ್ಡ ಕೃತಿ) ರಖ್ಮಾನಿನೊವ್‌ಗೆ ಅರ್ಪಿಸಿದರು, ಅವರು ತಮ್ಮ ನಾಲ್ಕನೆಯದನ್ನು ಮೆಟ್ನರ್‌ಗೆ. ಆದರೆ ರಖ್ಮಾನಿನೊವ್‌ಗೆ ಸಿಕ್ಕ ಹೆಸರಿನಲ್ಲಿ ಕಾಲುಭಾಗವೂ ಮೆಟ್ನರ್‌ಗೆ ಸಿಗಲಿಲ್ಲ. ಕ್ರಾಂತಿಯ ನಂತರ ರಷ್ಯಾ ಬಿಟ್ಟು ಬಂದು, ಊರೂರು ಅಲೆದು, 1930ರ ದಶಕದಲ್ಲಿ ಲಂಡನ್‌ನಲ್ಲಿ ನೆಲೆ ನಿಂತರು. ಆಮೇಲೆ ಯುದ್ಧ ಬಂತು. ಅವರ ಪ್ರಕಾಶಕರು ಜರ್ಮನಿಯವರು, ಹಾಗಾಗಿ ಬರುತ್ತಿದ್ದ ರಾಯಲ್ಟಿಯೂ ನಿಂತುಹೋಯಿತು. ಹೃದಯದ ಕಾಯಿಲೆ ಬೇರೆ.

ಇತ್ತ ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್. 1940ರಲ್ಲಿ ಪಟ್ಟಕ್ಕೆ ಬಂದಾಗ ವಯಸ್ಸು ಇಪ್ಪತ್ತೊಂದು. ಪಿಯಾನೋವನ್ನು ಶೋಕಿಗಲ್ಲ, ಗಂಭೀರವಾಗಿಯೇ ಕಲಿತವರು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದಿದ್ದರು. ಅವರಿಗೆ ಮೆಟ್ನರ್ ಸಂಗೀತ ಹಿಡಿಸಿಬಿಟ್ಟಿತ್ತು. ಆದರೆ ಕೇಳಬೇಕೆಂದರೆ ರೆಕಾರ್ಡ್ ಬಲು ಅಪರೂಪ! ನಾವಾಗಿದ್ದರೆ ‘ಛೆ’ ಅಂದು ಸುಮ್ಮನಾಗುತ್ತಿದ್ದೆವು. ಅರಸರು ಹಣ ಕೊಟ್ಟು, ಮೆಟ್ನರ್ ಸೊಸೈಟಿ ಅಂತಲೇ ಒಂದು ಮಾಡಿಸಿ, ಎಚ್‌ಎಮ್‌ವಿ ಕಂಪನಿಯಿಂದ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸುವ ಏರ್ಪಾಡು ಮಾಡಿದರು. ಅದೂ ಮೆಟ್ನರ್ ಅವರದೇ ಕೈಯಲ್ಲಿ.

1947ರಿಂದ ಮೂರ್ನಾಲ್ಕು ವರ್ಷ ಈ ಕೆಲಸ ನಡೆಯಿತು. ಮೂರೂ ಕನ್ಸರ್ಟೋ, ಸೊನಾಟಾಗಳು, ಹಾಡುಗಳು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ತಿದ್ದುತ್ತಾ ಇಟ್ಟುಕೊಂಡಿದ್ದ ಪಿಯಾನೋ ಕ್ವಿಂಟೆಟ್ (ಪಿಯಾನೋ ಸೇರಿ ಐದು ವಾದ್ಯಗಳ ಕೃತಿ) ಕೂಡ ಮುಗಿದು ರೆಕಾರ್ಡ್ ಆಯಿತು. ಆಗಿನ, ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ನಾಲ್ಕು ನಿಮಿಷದ ಆಸುಪಾಸು. ಒಂದು ಕನ್ಸರ್ಟೋ ತುಂಬಿಸಲು ಎಷ್ಟು ತಟ್ಟೆ ಬೇಕು, ಎಷ್ಟು ಸಲ ನಿಲ್ಲಿಸಿ ಶುರುಮಾಡಬೇಕು, ಲೆಕ್ಕ ಹಾಕಿ. ಎಪ್ಪತ್ತರ ಹತ್ತಿರದ ಹೃದ್ರೋಗಿ ಕೂತು ಇದನ್ನೆಲ್ಲ ನುಡಿಸಿದ್ದಾರೆ. 1951ರ ನವೆಂಬರ್‌ನಲ್ಲಿ ತೀರಿಕೊಂಡರು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಮೂರು ಕನ್ಸರ್ಟೋಗಳೂ ಅವರದೇ ಬೆರಳಲ್ಲಿ ನಮಗೆ ಸಿಗುತ್ತಿರಲಿಲ್ಲ. ಮೂರನೇ ಕನ್ಸರ್ಟೋದ ಅರ್ಪಣೆಯಲ್ಲಿ ಮೈಸೂರು ಮಹಾರಾಜರ ಹೆಸರಿದೆ, ಸಂಶಯ ಇದ್ದವರು ನೋಡಬಹುದು.

ಇನ್ನೊಂದು ವಿಷಯ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಕೊನೆಯ ಹಾಡುಗಳು ಮೊದಲ ಸಲ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಆ ಕಾರ್ಯಕ್ರಮಕ್ಕೂ ಇದೇ ಅರಸರ ನೆರವಿತ್ತು.

ಹಾಗಂತ ಇವರನ್ನು ಪಾಶ್ಚಾತ್ಯ ಸಂಗೀತದ ಹುಚ್ಚಿನವರು ಅಂದುಕೊಳ್ಳಬೇಡಿ. ಅದೇ ಕಾಲದಲ್ಲಿ ಕರ್ನಾಟಕ ಸಂಗೀತಕ್ಕೂ ಬಂದು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ಮಾಡಿದ್ದಾರೆ. ಲಂಡನ್ನಿನವರಿಗೆ ಆ ಕೃತಿಗಳು ಗೊತ್ತಿಲ್ಲ, ನಮ್ಮ ಸಭಾಗಳಿಗೆ ಮೆಟ್ನರ್ ಗೊತ್ತಿಲ್ಲ. ಎರಡೂ ಒಬ್ಬರದೇ ತಲೆಯಲ್ಲಿ ಒಟ್ಟಿಗೆ ಇದ್ದವು ಅನ್ನುವುದೇ ನನಗೆ ಮಜಾ.

ಪ್ರಶ್ನೆ: ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚು ಸವರಿದರೆ ‘ಊಂ’ ಅಂತ ನಾದ ಬರುತ್ತದಲ್ಲ, ಜಲತರಂಗ ಅಂದರೆ ಇದೇನಾ? ಮಗಳು ಕೇಳಿದಳು, ಹೇಳೋಕೆ ಬರಲಿಲ್ಲ. (ಶಿವಮೊಗ್ಗದ ಓದುಗರು)

ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ಜಲತರಂಗದಲ್ಲಿ ಪಿಂಗಾಣಿ ಬಟ್ಟಲನ್ನು ಕಡ್ಡಿಯಿಂದ ಬಡಿಯುತ್ತಾರೆ, ನಾದ ‘ಟಿಣ್’ ಎಂದು ಹುಟ್ಟಿ ಬೇಗ ಸಾಯುತ್ತದೆ. ಲೋಟದ ಅಂಚಿನಲ್ಲಿ ಬೆರಳು ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರುತ್ತದೆ, ಸೆಕೆಂಡಿಗೆ ನೂರಾರು ಸಲ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಅದಕ್ಕೇ ಸವರುವಷ್ಟು ಹೊತ್ತೂ ನಾದ ನಿಲ್ಲುತ್ತದೆ. ಎರಡರಲ್ಲೂ ನೀರು ಜಾಸ್ತಿ ಹಾಕಿದರೆ ಶ್ರುತಿ ಇಳಿಯುತ್ತದೆ. ಮಗಳಿಗೆ ಇದನ್ನು ಹೇಳಬೇಡಿ, ತೋರಿಸಿ. ಕೈಯಲ್ಲಿ ಎಣ್ಣೆ ಜಿಡ್ಡಿದ್ದರೆ ಮಾತ್ರ ಏನೂ ಆಗದು, ಸೋಪು ಹಾಕಿ ತೊಳೆದುಕೊಂಡು ಮಾಡಬೇಕು.

ಈ ಲೋಟದಾಟವನ್ನು ವಾದ್ಯ ಮಾಡಿದವರು ಬೆಂಜಮಿನ್ ಫ್ರಾಂಕ್ಲಿನ್. ಹೌದು, ಮಿಂಚುನಿರೋಧಕದ ಅದೇ ಫ್ರಾಂಕ್ಲಿನ್. ಇಂಗ್ಲೆಂಡಿನಲ್ಲಿ ಒಬ್ಬರು ನೀರಿನ ಲೋಟ ಸಾಲಾಗಿಟ್ಟು ನುಡಿಸುವುದನ್ನು ನೋಡಿ, 1761ರಲ್ಲಿ ಬೇರೆಯೇ ದಾರಿ ಹುಡುಕಿದರು. ನೀರೇ ಬೇಡ. ಚಿಕ್ಕದು ದೊಡ್ಡದು ಸೇರಿ 37 ಗಾಜಿನ ಬಟ್ಟಲು, ಒಂದರೊಳಗೊಂದು ತೂರಿಸಿ, ನಡುವೆ ಕಬ್ಬಿಣದ ಸರಳು. ಹೊಲಿಗೆ ಮಿಷನ್ ಹಾಗೆ ಕಾಲಲ್ಲಿ ತುಳಿದರೆ ಎಲ್ಲ ಬಟ್ಟಲೂ ತಿರುಗುತ್ತವೆ. ಒದ್ದೆ ಬೆರಳು ಇಟ್ಟುಕೊಂಡು ಕೂತರಾಯಿತು, ಒಂದೇ ಸಲ ನಾಲ್ಕೈದು ಸ್ವರ ಬೇಕಾದರೂ ಬರುತ್ತವೆ. ಮೊಜಾರ್ಟ್ ತಾವು ತೀರಿಕೊಂಡ 1791ರಲ್ಲೇ ಇದಕ್ಕೊಂದು ಕೃತಿ ಬರೆದರು, ಮರಿಯಾನ್ನ ಕಿರ್ಷ್‌ಗೆಸ್ನರ್ ಎಂಬ ಕಣ್ಣು ಕಾಣದ ಕಲಾವಿದೆಗಾಗಿ.

ಈ ವಾದ್ಯ ಕೇಳಿದರೆ ಹುಚ್ಚು ಹಿಡಿಯುತ್ತದೆ ಅಂತ ಆಗ ಸುದ್ದಿ ಹಬ್ಬಿತ್ತು. ಆ ಸುದ್ದಿಯೂ ಪೆಟ್ಟು ಕೊಟ್ಟಿರಬಹುದು, ಆದರೆ ನನ್ನ ಪ್ರಕಾರ ಇದನ್ನು ಮೂಲೆಗೆ ತಳ್ಳಿದ್ದು ಸಭಾಂಗಣ. ಹಾಲ್‌ಗಳು ದೊಡ್ಡವಾದವು, ಗಾಜಿನ ಮೆಲುದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ. ಸದ್ದು ಸಾಲದ್ದೇ ತೊಂದರೆ.

ಪ್ರಶ್ನೆ: ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಯಾಕೆ? ಸಪ್ತಸ್ವರಕ್ಕಾ? (ಟಿ. ನರಸೀಪುರದ ಓದುಗರು)

ಅಲ್ಲ. ಒಳ್ಳೇ ಊಹೆ, ಆದರೆ ಕಾರಣ ಅಷ್ಟು ಕಾವ್ಯಮಯ ಅಲ್ಲ. ಇಲ್ಲೂ ಅದೇ ಹಿಂದಿನ ಸಾಲಿನ ಕತೆ. ಮೈಕ್ ಇಲ್ಲದ ದಿನಗಳು, ಪಿಟೀಲಿನ ದನಿ ಕೊನೆಯವರೆಗೆ ಕೇಳಬೇಕು. ನಿಮ್ಮೂರಿನವರೇ ಆದ ಚೌಡಯ್ಯ, ನಾಲ್ಕು ತಂತಿಯಲ್ಲಿ ಮೂರಕ್ಕೆ ಒಂದೊಂದು ಜೋಡಿ ಸೇರಿಸಿ ಏಳು ಮಾಡಿಕೊಂಡರು. ಹೇಳಿದಷ್ಟು ಸುಲಭ ಅಲ್ಲ ಬಿಡಿ. ಒಂದೇ ಬೆರಳು ಎರಡು ತಂತಿ ಒತ್ತಬೇಕು, ಕಮಾನು ಎರಡನ್ನೂ ಸಮವಾಗಿ ಎಳೆಯಬೇಕು, ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಜೋಡಿ ತಂತಿ ಜಗಳಕ್ಕೆ ಬೀಳುತ್ತವೆ. ಮೈಕ್ ಬಂದ ಮೇಲೆ ಆ ಕಷ್ಟ ಮೈಮೇಲೆ ಎಳೆದುಕೊಳ್ಳುವವರು ಕಡಿಮೆಯಾದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿರುವ ಚೌಡಯ್ಯ ಸ್ಮಾರಕ ಭವನ ನೋಡೇ ಇರುತ್ತೀರಿ, ಅದೂ ಏಳು ತಂತಿಯದೇ.

ಪ್ರಶ್ನೆ: ನಾನು ಮೃದಂಗ ಕಲಿಯುತ್ತಿದ್ದೇನೆ. ಚತುರಶ್ರದ (ನಾಲ್ಕರ ಎಣಿಕೆ) ಮೇಲೆ ತಿಶ್ರ (ಮೂರರದು), ಖಂಡ (ಐದರದು) ಹಾಕುವುದೇ ಬೆವರಿಳಿಸುತ್ತದೆ. ಮನುಷ್ಯರಿಂದ ಆಗದ ಲಯ ಅಂತ ಯಾರಾದರೂ ಬರೆದಿದ್ದಾರಾ? (ಪುತ್ತೂರಿನ ಓದುಗರು)

ಬರೆದಿದ್ದಾರೆ, ಕಾನ್ಲನ್ ನ್ಯಾನ್‌ಕ್ಯಾರೋ. 1912ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ವಿರುದ್ಧ ಹೋರಾಡಿ ಬಂದರು. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ತನ್ನದೇ ದೇಶದಲ್ಲಿ ಪಾಸ್‌ಪೋರ್ಟ್ ಸಿಗಲಿಲ್ಲ. 1940ರಲ್ಲಿ ಮೆಕ್ಸಿಕೋ ನಗರಕ್ಕೆ ಹೋದವರು ಅಲ್ಲೇ ಉಳಿದರು. ಇವರ ಲಯ ನುಡಿಸಲು ವಾದಕರಿಗೆ ಆಗುತ್ತಿರಲಿಲ್ಲ. ಸರಿ, ವಾದಕರೇ ಬೇಡ ಅಂದುಬಿಟ್ಟರು.

ಆ ಕಾಲದಲ್ಲಿ ತನ್ನಷ್ಟಕ್ಕೆ ತಾನೇ ನುಡಿಯುವ ಪಿಯಾನೋ ಅಂತ ಒಂದಿತ್ತು. ಬಟ್ಟೆಗೆ ಚಿತ್ತಾರ ನೇಯುವ ಮಗ್ಗದ ಜಕಾರ್ಡ್ ನೋಡಿದ್ದರೆ ಬೇಗ ಗೊತ್ತಾಗುತ್ತದೆ: ಅಲ್ಲಿ ತೂತು ಹೊಡೆದ ರಟ್ಟು ಯಾವ ಎಳೆ ಮೇಲೇಳಬೇಕು ಅಂತ ಹೇಳುತ್ತದೆ, ಇಲ್ಲಿ ತೂತು ಹೊಡೆದ ಕಾಗದದ ಸುರುಳಿ ಪಿಯಾನೋದ ಯಾವ ಮನೆ (ಕೀ) ಒತ್ತಬೇಕು ಅಂತ ಹೇಳುತ್ತದೆ. ತೂತಿನ ಮೂಲಕ ಗಾಳಿ ಹೋದಾಗ ಸುತ್ತಿಗೆ ತಂತಿಗೆ ಬಡಿಯುತ್ತದೆ. ನ್ಯಾನ್‌ಕ್ಯಾರೋ ತೂತು ಹೊಡೆಯುವ ಯಂತ್ರ ತರಿಸಿಕೊಂಡು, ಒಂದೊಂದೇ ತೂತು ಕೈಯಾರೆ ಹೊಡೆಯುತ್ತಾ ಕೂತರು. ಕೆಲವೇ ನಿಮಿಷದ ಕೃತಿಗೆ ತಿಂಗಳುಗಟ್ಟಲೆ. ಹೀಗೆ ದಶಕಗಳು, ಕೇಳುವವರು ಹೆಚ್ಚೇನೂ ಇಲ್ಲ. 1980ರ ಹೊತ್ತಿಗೆ ಹಂಗೇರಿಯ ಸಂಗೀತಗಾರ ಲಿಗೆಟಿಯಂಥ ದೊಡ್ಡವರು ರೆಕಾರ್ಡ್ ಕೇಳಿ ಬೆರಗಾಗಿ ಊರಿಗೆಲ್ಲ ಹೇಳಿದ ಮೇಲೆ ಜನ ತಿರುಗಿ ನೋಡಿದರು.

ಲೆಕ್ಕ ಕೇಳಿ. ನೀವು 3ಕ್ಕೆ 4, 4ಕ್ಕೆ 5 ಅಂತ ಬೆವರುತ್ತೀರಿ. ನ್ಯಾನ್‌ಕ್ಯಾರೋ ಈ ಪಿಯಾನೋಗೆ ಬರೆದ ಕೃತಿಗಳಿಗೆ ಸ್ಟಡಿ ಅಂತ ಹೆಸರು. ಅವುಗಳಲ್ಲಿ 36ನೆಯದರಲ್ಲಿ ಒಂದೇ ಸಂಗೀತ ನಾಲ್ಕು ವೇಗದಲ್ಲಿ ಒಟ್ಟಿಗೆ ಓಡುತ್ತದೆ, 17, 18, 19, 20ರ ಅನುಪಾತದಲ್ಲಿ. ನಿಧಾನದ್ದು ಮೊದಲು ಹೊರಡುತ್ತದೆ, ಬೇಗದ್ದು ಆಮೇಲೆ ಹೊರಟು ಅಟ್ಟಿಸಿಕೊಂಡು ಬರುತ್ತದೆ, ಸರಿಯಾಗಿ ನಡುವೆ ನಾಲ್ಕೂ ಒಂದೇ ಕ್ಷಣದಲ್ಲಿ ಸೇರಿ ಮತ್ತೆ ಚದುರುತ್ತವೆ. ಉದ್ದದ ಕೋರ್ವೆ (ಲೆಕ್ಕ ಹಾಕಿ ಹೆಣೆದ ಮುಕ್ತಾಯ) ಎತ್ತುಗಡೆಗೆ, ಅಂದರೆ ಹಾಡು ಶುರುವಾಗುವ ಜಾಗಕ್ಕೆ, ಬಂದು ಬೀಳುವಾಗ ಮೈ ಜುಂ ಅನ್ನುತ್ತದಲ್ವಾ, ಆ ಥರದ್ದೇ. ಇದಕ್ಕಿಂತ ವಿಚಿತ್ರ ಅನುಪಾತಗಳೂ ಇವೆ, ಒಂದರಲ್ಲಿ 2ರ ವರ್ಗಮೂಲವನ್ನೇ ತಂದಿದ್ದಾರೆ. ಅದನ್ನು ಕೈಯಲ್ಲಿ ತಾಳ ಹಾಕಿ ಕಲಿಯಲು ಹೋಗಬೇಡಿ.

ಮೊದಲು ಕೇಳುವುದಾದರೆ 21ನೇ ಸ್ಟಡಿ ಕೇಳಿ. ಒಂದು ಎಳೆ ನಿಧಾನದಿಂದ ಬೇಗಕ್ಕೆ ಹೋಗುತ್ತದೆ, ಇನ್ನೊಂದು ಬೇಗದಿಂದ ನಿಧಾನಕ್ಕೆ ಬರುತ್ತದೆ. ಮೊದಲ ಸಲ ಬರೀ ಗದ್ದಲ ಅನ್ನಿಸಬಹುದು. ಎರಡನೇ ಸಲ ಒಂದೇ ಎಳೆ ಹಿಡಿದುಕೊಂಡು ಕೇಳಿ, ನಡುವೆ ಎಲ್ಲಿ ದಾಟುತ್ತವೆ ಅಂತ ಗುರುತು ಹಾಕಿಕೊಳ್ಳಿ. ಗುರುಗಳಿಗೂ ಕೇಳಿಸಿ, ಅವರೇನಂದರು ಅಂತ ಬರೆಯಿರಿ.