ವಿಮರ್ಶೆ ಬರೆಯೋಕೆ ಮುಂಚೆ ಯಾವ ವಿಮರ್ಶಕರನ್ನ ಓದ್ಬೇಕು?

ಯಾರನ್ನೂ ಓದ್ಬೇಡಿ. ಬಿ.ಎ. ಎರಡನೇ ವರ್ಷ, ಮುಂದಿನ ತಿಂಗಳು ಒಂದು ಕಾದಂಬರಿ ಮೇಲೆ ಸೆಮಿನಾರ್ ಪೇಪರ್, ಕಾದಂಬರಿ ಶುರು ಮಾಡೋ ಮುಂಚೆ ಯಾವ್ಯಾವ ವಿಮರ್ಶೆ ಓದ್ಕೊಂಡು ರೆಡಿ ಆಗ್ಬೇಕು ಅಂತ ಕೇಳಿದೀರಿ. ಇದೇ ಪ್ರಶ್ನೆನ ನಾನು ಎಂ.ಎ. ಕೊನೇ ವರ್ಷದಲ್ಲಿ ಸೀನಿಯರ್ ಒಬ್ಬರಿಗೆ ಕೇಳಿದ್ದೆ. ಅವರು ಪ್ರೀತಿಯಿಂದ ಒಂದು ಪಟ್ಟಿ ಬರ್ಕೊಟ್ರು, ನಾನು ಪಟ್ಟಿ ಪೂರ್ತಿ ಓದಿ ಮುಗಿಸ್ದೆ, ನನ್ನ ಕೆಲಸ ಕೆಟ್ಟಿದ್ದು ಅಲ್ಲಿಂದಲೇ.

ನನ್ನ ಪ್ರಾಜೆಕ್ಟ್ ಇದ್ದಿದ್ದು ಅನಂತಮೂರ್ತಿಯವರ ‘ಸಂಸ್ಕಾರ’ದ ಮೇಲೆ, 1965ರ ಕಾದಂಬರಿ. ಕಥೆ ನಿಮಗೆ ಗೊತ್ತಿರಬಹುದು, ಆದ್ರೂ ನನ್ನ ತಪ್ಪು ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹೇಳಲೇಬೇಕು. ದೂರ್ವಾಸಪುರ ಅನ್ನೋ ಅಗ್ರಹಾರದಲ್ಲಿ ನಾರಣಪ್ಪ ಸಾಯ್ತಾನೆ, ಬ್ರಾಹ್ಮಣ್ಯ ಬಿಟ್ಟು ಚಂದ್ರಿ ಅನ್ನೋ ಕೆಳಜಾತಿ ಹೆಂಗಸಿನ ಜೊತೆ ಬದುಕಿದೋನು. ಅವನಿಗೆ ಸಂಸ್ಕಾರ ಮಾಡ್ಬೇಕಾದವರು ಯಾರು ಅಂತ ತೀರ್ಮಾನ ಆಗಲ್ಲ, ಹೆಣ ಹಾಗೇ ಮನೇಲಿ ಬಿದ್ದಿರುತ್ತೆ. ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರು ಶಾಸ್ತ್ರದಲ್ಲಿ ಹುಡುಕ್ತಾರೆ, ಮಾರುತಿ ಗುಡಿಗೆ ಹೋಗಿ ಬೇಡ್ಕೊಳ್ತಾರೆ, ಉತ್ತರ ಸಿಗಲ್ಲ.

ನಾನು ಕಾದಂಬರಿ ತೆರೆಯೋ ಹೊತ್ತಿಗೆ ಏಳು ಲೇಖನ ಓದಿದ್ದೆ. ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಆ ಕೊಳೆಯೋ ಹೆಣ ಒಂದು ಸಂಕೇತ ಅನ್ನೋ ಮಾತಿತ್ತು. ಆ ಮಾತಲ್ಲಿ ತಪ್ಪೇನಿಲ್ಲ, ಅದನ್ನ ಬರೆದವರೆಲ್ಲ ಕೃತಿನ ಚೆನ್ನಾಗಿ ಓದಿ ಬರೆದವರು. ಆದ್ರೆ ನನ್ನ ತಲೇಲಿ ಏನಾಯ್ತಪ್ಪಾ ಅಂದ್ರೆ, ಪೆನ್ಸಿಲ್ ಹಿಡ್ಕೊಂಡು ಕೂತಾಗ ನಾನು ಕಾದಂಬರಿ ಓದ್ತಿರ್ಲಿಲ್ಲ, ಆ ಏಳು ಲೇಖನಕ್ಕೆ ಸಾಕ್ಷಿ ಹುಡುಕ್ತಿದ್ದೆ. ವಾಸನೆ ಅಂತ ಬಂದ್ರೆ ಗೆರೆ, ಹದ್ದು ಅಂತ ಬಂದ್ರೆ ಗೆರೆ, ಸತ್ತ ಇಲಿ ಬಂದ್ರೆ ಎರಡು ಗೆರೆ, ಮಾರ್ಜಿನ್‌ನಲ್ಲಿ ‘ಸಂಕೇತ!’ ಅಂತ ಬೇರೆ. ಎರಡು ರಾತ್ರೀಲಿ ಓದಿ ಮುಗಿಸಿ ಮೂರನೇ ದಿನ ಬರೆಯೋಕೆ ಕೂತೆ, ನಲವತ್ತು ಪುಟ ಸರಾಗವಾಗಿ ಬಂತು. ಎರಡನೇ ಅಧ್ಯಾಯದ ಮೊದಲ ವಾಕ್ಯ ಈಗ್ಲೂ ಬಾಯಿಪಾಠ ಇದೆ: ‘ಕಾದಂಬರಿಯ ಕೊನೆಯವರೆಗೂ ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಕೊಳೆಯುತ್ತಲೇ ಇರುತ್ತದೆ.’ ಇಡೀ ಅಧ್ಯಾಯ ಆ ವಾಕ್ಯದ ಮೇಲೇ ನಿಂತಿತ್ತು.

ವೈವಾ, ಅಂದ್ರೆ ಮೌಖಿಕ ಪರೀಕ್ಷೆ ದಿನ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಮೇಡಂ ಆ ಪುಟ ತೆಗೆದಿಟ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು. ಕಾದಂಬರಿ ಮುಗಿಯುವಾಗ ಹೆಣ ಎಲ್ಲಿದೆ?

ಅಗ್ರಹಾರದಲ್ಲಿ, ಅಂದೆ.

ಚಂದ್ರಿ ಏನಾದ್ಲು?

ಕುಂದಾಪುರಕ್ಕೆ ಹೊರಟುಹೋಗ್ತಾಳೆ ಮೇಡಂ.

ಹೋಗೋಕೆ ಮುಂಚೆ ಏನ್ ಮಾಡಿದ್ಲು?

ನನಗೆ ಏನೂ ನೆನಪಾಗ್ಲಿಲ್ಲ. ಮರೆತಿದ್ದೆ ಅಂತಲ್ಲ, ಆ ಪುಟಗಳು ನನ್ನ ತಲೆ ಒಳಗೆ ಹೋಗೇ ಇರ್ಲಿಲ್ಲ. ಅವರು ಟೇಬಲ್ ಮೇಲಿದ್ದ ನನ್ನದೇ ಪುಸ್ತಕ ತೆಗೆದು, ಪುಟ ಹುಡುಕಿ, ನನ್ನ ಕಡೆ ತಿರುಗಿಸಿ, ಗಟ್ಟಿಯಾಗಿ ಓದು ಅಂದ್ರು. ಓದ್ದೆ. ಚಂದ್ರಿ ರಾತ್ರಿ ವಾಪಸ್ ಬಂದು ಹೆಣದ ಸ್ಥಿತಿ ನೋಡಿ ಓಡ್ತಾಳೆ, ಗಾಡಿಯವನನ್ನ ಕೇಳ್ತಾಳೆ, ಅವನು ಬ್ರಾಹ್ಮಣನ ಹೆಣ ಮುಟ್ಟಲ್ಲ ಅಂತಾನೆ, ಕೊನೆಗೆ ಮೀನು ವ್ಯಾಪಾರದ ಅಹಮದ್ ಬ್ಯಾರಿ (ಬ್ಯಾರಿ ಅಂದ್ರೆ ಕರಾವಳಿಯ ಮುಸ್ಲಿಂ) ಹತ್ರ ಹೋಗ್ತಾಳೆ, ಅವನು ಗಾಡಿ ಸೌದೆ ತಂದು ಹೆಣ ಸಾಗಿಸಿ ಸುಟ್ಟುಬಿಡ್ತಾನೆ. ಬೆಳಗಾಗೋದ್ರೊಳಗೆ ಎಲ್ಲ ಮುಗಿದಿರುತ್ತೆ. ಅದೂ ಕಾದಂಬರಿ ಮುಗಿಯೋಕೆ ಎಷ್ಟೋ ಮುಂಚೆಯೇ! ನನ್ನ ಪ್ರತಿಯ ಆ ಪುಟಗಳಲ್ಲಿ ಒಂದೇ ಒಂದು ಪೆನ್ಸಿಲ್ ಗೆರೆ ಇರ್ಲಿಲ್ಲ. ಹಿಂದೆಮುಂದೆ ಎಲ್ಲ ಗೆರೆ, ಅಲ್ಲಿ ಮಾತ್ರ ಖಾಲಿ.

ಇದನ್ನ ಯಾಕೆ ಇಷ್ಟು ಉದ್ದ ಹೇಳ್ತಿದೀನಿ ಅಂದ್ರೆ, ಇದು ‘ಸರಿಯಾಗಿ ಓದ್ಲಿಲ್ಲ’ ಅನ್ನೋ ಸಾಮಾನ್ಯ ತಪ್ಪಲ್ಲ. ನಾನು ಪುಸ್ತಕ ಮೊದಲಿಂದ ಕೊನೆತನಕ ಓದಿದ್ದೆ, ಗೈಡ್ ಮುಟ್ಟಿರ್ಲಿಲ್ಲ, ಒಂದು ಪುಟಾನೂ ಹಾರಿಸಿರ್ಲಿಲ್ಲ. ಆದ್ರೆ ಹೆಣ ಕೊಳೀತಾ ಇದೆ ಅಂತ ತಲೇಲಿ ಮೊದಲೇ ಕೂತಿದ್ರೆ, ಹೆಣ ಸುಟ್ಟುಹೋಯ್ತು ಅಂತ ಅಚ್ಚಾಗಿರೋ ವಾಕ್ಯನೂ ಕಣ್ಣಿಗೆ ಬೀಳಲ್ಲ. ಇನ್ನೂ ಬೇಜಾರಿನ ಸಂಗತಿ ಅಂದ್ರೆ ಕಾದಂಬರಿಯ ಅತಿ ದೊಡ್ಡ ವಿಷಯ ಅಲ್ಲೇ ಇತ್ತು. ಆಮೇಲೆ ಅಗ್ರಹಾರದ ಬ್ರಾಹ್ಮಣರು ಹೆಣಕ್ಕೆ ಏನ್ ಮಾಡೋದು ಅಂತ ಕೇಳೋಕೆ ಮಠದ ತನಕ ನಡೀತಾರಲ್ಲ, ಅವರು ಕೇಳೋಕೆ ಹೊರಟಿದ್ದ ಹೆಣ ಆಗ್ಲೇ ಬೂದಿ ಆಗಿದೆ. ಓದುಗರಾದ ನಮಗೆ ಗೊತ್ತು, ಚಂದ್ರಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಡೀ ಶಾಸ್ತ್ರಕ್ಕೆ ಬಗೆಹರೀದೇ ಇದ್ದಿದ್ದನ್ನ ಒಬ್ಬ ಹೆಂಗಸು, ಒಬ್ಬ ಬ್ಯಾರಿ, ಒಂದು ಗಾಡಿ ಸೌದೆ, ಒಂದೇ ರಾತ್ರೀಲಿ ಮಾಡಿ ಮುಗಿಸಿರ್ತಾರೆ. ನನ್ನ ನಲವತ್ತು ಪುಟದಲ್ಲಿ ಚಂದ್ರಿಗೆ ಸಿಕ್ಕಿದ್ದು ಒಂದು ಪ್ಯಾರಾ, ಅದ್ರಲ್ಲೂ ಅವಳನ್ನ ‘ಕಾಮದ ಸಂಕೇತ’ ಅಂತ ಬರೆದಿದ್ದೆ. ಅದಕ್ಕೆ ಈಗ್ಲೂ ನಾಚಿಕೆ ಆಗುತ್ತೆ.

ಪ್ರಾಜೆಕ್ಟ್ ಮಾರ್ಕ್ಸ್ ಬಿತ್ತು, ಒಟ್ಟು 54 ಚಿಲ್ಲರೆಗೆ ನಿಂತು ಉಪನ್ಯಾಸಕರಾಗೋಕೆ ಬರೆಯೋ ನೆಟ್ ಪರೀಕ್ಷೆಗೆ ಬೇಕಾದ 55 ಪರ್ಸೆಂಟ್ ತಪ್ಪೋಯ್ತು. ಇಂಪ್ರೂವ್‌ಮೆಂಟ್ ಬರೆದು ಸರಿ ಮಾಡ್ಕೊಳ್ಳೋಷ್ಟರಲ್ಲಿ ಒಂದೂವರೆ ವರ್ಷ ಹೋಯ್ತು.

ನಮ್ಮೂರು ಹೊನ್ನಾವರದ ಕಡೆ. ಅಪ್ಪ ಹೈಸ್ಕೂಲಿಗೇ ಓದು ಬಿಟ್ಟೋರು, ಆದ್ರೆ ತಾಳಮದ್ದಲೆಯಲ್ಲಿ ಅರ್ಥ ಹೇಳ್ತಿದ್ರು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ್ಯಕ್ಕೆ ಮಾತು ಕಟ್ಬೇಕು. ವಾಲಿವಧೆ ಆದ್ರೆ ವಾಲಿ ಪಾತ್ರದವರು ರಾಮನ್ನ ಕೇಳ್ತಾರೆ, ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ, ರಾಮ ಉತ್ತರ ಕೊಡ್ಬೇಕು, ವಾಲಿ ಆ ಉತ್ತರದಲ್ಲೇ ಇನ್ನೊಂದು ಪ್ರಶ್ನೆ ಹಿಡೀತಾನೆ, ರಾತ್ರಿ ಸರಿಯೋದೇ ಗೊತ್ತಾಗಲ್ಲ. ಎಷ್ಟೇ ದೊಡ್ಡ ವಾದ ಮಾಡಿದ್ರೂ ಪದ್ಯದಲ್ಲಿ ಇಲ್ಲದ್ದನ್ನ ಹೇಳಿದ್ರೆ ಎದುರಿಗೆ ಕೂತೋರು ಅಲ್ಲೇ ಹಿಡೀತಾರೆ. ವೈವಾ ಕಥೆ ಹೇಳ್ದಾಗ ಅಪ್ಪ ಬೈಲಿಲ್ಲ. ‘ಪದ್ಯ ಕೇಳದೇ ಅರ್ಥ ಹೇಳಿದೀಯಲ್ಲೋ’ ಅಂದ್ರು ಅಷ್ಟೇ. ಎಂ.ಎ.ಯ ಎರಡು ವರ್ಷದಲ್ಲಿ ವಿಮರ್ಶೆ ಬಗ್ಗೆ ನಾನು ಕೇಳಿದ ಯಾವ ಪಾಠವೂ ಇಷ್ಟು ಸ್ಪಷ್ಟವಾಗಿ ಇರ್ಲಿಲ್ಲ.

ಈಗ ನಾನೇ ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ. ಮೊದಲನೇ ವಾರ ಮಕ್ಕಳಿಗೆ ಬಸವಣ್ಣನ ‘ಉಳ್ಳವರು ಶಿವಾಲಯವ ಮಾಡುವರು’ ವಚನ ಬೋರ್ಡ್ ಮೇಲೆ ಬರೆದು, ಏನೂ ವಿವರಣೆ ಕೊಡದೆ, ನಿಮಗೆ ಕಂಡಿದ್ದು ಅರ್ಧ ಪುಟ ಬರೀರಿ ಅಂತೀನಿ. ಮುಕ್ಕಾಲು ಪಾಲು ಪೇಪರ್‌ನಲ್ಲಿ ‘ಸಾಮಾಜಿಕ ಕಳಕಳಿ’, ‘ಮಾನವೀಯ ಮೌಲ್ಯ’, ‘ಮನೋಜ್ಞವಾಗಿ ಚಿತ್ರಿಸಿದ್ದಾರೆ’. ಇವು ಯಾವ ಕೃತಿಗೆ ಹಾಕಿದ್ರೂ ನಡೆಯುತ್ತೆ, ಅದಕ್ಕೇ ಯಾವ ಕೃತಿ ಬಗ್ಗೇನೂ ಏನೂ ಹೇಳಲ್ಲ, ನೀವಂತೂ ನಿಮ್ಮ ಪೇಪರ್‌ನಲ್ಲಿ ಇವನ್ನ ಬಳಸಲೇಬೇಡಿ. ಹೋದ ವರ್ಷ ಒಬ್ಬ ಹುಡುಗಿ ಮೂರೇ ಸಾಲು ಬರೆದಿದ್ಲು. ‘ಎನ್ನ ಕಾಲೇ ಕಂಬ ಅಂತಾರೆ. ಕಾಲು ಕಂಬ ಆದ್ರೆ ಆ ದೇವಸ್ಥಾನ ನಡೆಯುತ್ತೆ. ಅದಕ್ಕೇ ಕೊನೇಲಿ ಜಂಗಮ ಬಂದಿರಬೇಕು.’ ನಾನು ಆ ವಚನನ ಎಷ್ಟೋ ವರ್ಷದಿಂದ ಬಾಯಿಪಾಠ ಹೇಳ್ತಿದ್ದೆ, ಕಂಬ ನಡೆಯೋದನ್ನ ನೋಡಿರ್ಲಿಲ್ಲ. ಹಿಂದಿನ ಬೆಂಚಿಂದ ಒಬ್ಬ ಹುಡುಗ, ಬಸವಣ್ಣ ಬಿಜ್ಜಳನ ಭಂಡಾರಿ ಆಗಿದ್ರಲ್ಲ ಸರ್, ಹಂಗಾದ್ರೆ ಈ ‘ಬಡವ’ ಯಾರು ಅಂತ ಕೇಳ್ದ. ಆವತ್ತು ಪೀರಿಯಡ್ ಮುಗಿದ ಮೇಲೂ ಯಾರೂ ಎದ್ದು ಹೋಗ್ಲಿಲ್ಲ. ಇಬ್ಬರೂ ಒಂದು ವಿಮರ್ಶಾ ಪುಸ್ತಕಾನೂ ತೆರೆದವರಲ್ಲ.

ವಿಮರ್ಶಕರು ಬೇಡ ಅಂತ ನಾನು ಹೇಳ್ತಿಲ್ಲ. ಅವರು ಎರಡನೇ ಡ್ರಾಫ್ಟಿಗೆ ಬರ್ಬೇಕು, ನಿಮ್ಮ ಹತ್ರ ನಿಮ್ಮದೇ ಒಂದು ಪ್ರಶ್ನೆ ಇದ್ದಾಗ ಬರ್ಬೇಕು, ಆಗ ಅವರ ಜೊತೆ ಜಗಳ ಆಡೋಕೂ ಆಗುತ್ತೆ, ಒಪ್ಪೋಕೂ ಆಗುತ್ತೆ. ಮೊದಲೇ ಓದಿದ್ರೆ ಒಪ್ಪೋದೊಂದೇ ದಾರಿ ಉಳಿಯೋದು. ಮೊಬೈಲ್‌ನಲ್ಲಿ ಸಿಗೋ ಸಾರಾಂಶಕ್ಕೂ ಇದೇ ಮಾತು, ಅದನ್ನಂತೂ ಕೊನೇವರೆಗೂ ನೋಡ್ಬೇಡಿ.

ಒಂದು ತಿಂಗಳು ಇದೆ ಅಂದ್ರಿ, ಬೇಕಾದಷ್ಟಾಯ್ತು. ಮೊದಲ ಹದಿನೈದು ದಿನ ಲೈಬ್ರರಿಯ ವಿಮರ್ಶೆ ಕಪಾಟಿನ ಕಡೆ ಹೋಗ್ಬೇಡಿ. ಕಾದಂಬರಿನ ಒಂದ್ಸಲ ಸುಮ್ನೆ ಓದಿ. ಎರಡನೇ ಸಲ ಒಂದು ನೋಟ್‌ಬುಕ್ ಇಟ್ಕೊಂಡು ಏನು ನಡೀತು, ಅದು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅಷ್ಟನ್ನೇ ಬರೀತಾ ಹೋಗಿ, ಅರ್ಥ ಏನು ಅಂತ ಬರೀಬೇಡಿ. ಓದಿ ಮುಗಿದ ಮೇಲೆ ನೀವು ಒಂದೂ ಗೆರೆ ಎಳೆಯದೇ ಇರೋ ಪುಟಗಳನ್ನ ಹುಡುಕಿ, ಅವನ್ನ ಮಾತ್ರ ಇನ್ನೊಂದ್ಸಲ ಗಟ್ಟಿಯಾಗಿ ಓದಿ. ಯಾವ ಕಾದಂಬರಿ ಅಂತ ನೀವು ಹೇಳಲೇ ಇಲ್ಲ. ಹೇಳಿ, ನಿಮ್ಮ ಜೊತೆ ನಾನೂ ಓದ್ತೀನಿ.