ಎರಿ ಮಣ್ಣಿನ ಸೈಟಿನಲ್ಲಿ ಮಳೆನೀರು ಹಿಡಿಯುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ 30X40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನಳದ ನೀರು ದಿನಾ ಬರುವುದಿಲ್ಲ. ಇಂಗುಗುಂಡಿ ಮಾಡಿಸೋಣ ಅಂದರೆ ಗೌಂಡಿ, ‘ಎರಿ ಮಣ್ಣು, ಬೇಡ. ಸುತ್ತಲೂ ಕಾಂಕ್ರೀಟ್ ಹಾಕಿಬಿಡಿ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗೌಂಡಿಯ ಮೊದಲ ಮಾತು ಕೇಳಿ, ಎರಡನೆಯದು ಬೇಡ. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಪಾಯದ ಪಕ್ಕದಲ್ಲೇ ನೀರು ಇಂಗಿಸಿದರೆ ಗೋಡೆ ಸೀಳುವ ಭಯ ಇದ್ದೇ ಇದೆ. ಒಮ್ಮೆ ನೆನೆದ ಮೇಲೆ ಈ ಮಣ್ಣು ನೀರನ್ನು ಬೇಗ ಒಳಗೆ ಬಿಡುವುದೂ ಇಲ್ಲ. ಧಾರವಾಡದಲ್ಲಿ ನಮ್ಮ ಮನೆ ಇರುವುದು ಕೆಂಪು ಮಣ್ಣಿನ ಮೇಲೆ. ಅಲ್ಲಿ ಇಂಗುಗುಂಡಿ ಚೆನ್ನಾಗಿ ನಡೆದಿದೆ. ಆದರೆ ಅದನ್ನೇ ನೀವೂ ಮಾಡಿ ಎಂದು ನಾನು ಹೇಳಲಾರೆ.

ನೀವು ನೀರನ್ನು ಟಾಕಿಯಲ್ಲಿ ಹಿಡಿಯಿರಿ. 1 ಚದರ ಮೀಟರ್ ತಾರಸಿ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ತಾರಸಿ 800 ಚದರ ಅಡಿ, ಅಂದರೆ ಸುಮಾರು 74 ಚದರ ಮೀಟರ್ ಇದೆ ಅಂದುಕೊಳ್ಳೋಣ. ಹುಬ್ಬಳ್ಳಿಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಐದನೇ ಒಂದು ಪಾಲು ಪೋಲಾದರೂ 40 ಸಾವಿರ ಲೀಟರ್ ಸಿಗುತ್ತದೆ! ಇಷ್ಟು ನೀರನ್ನು ಗಟಾರಕ್ಕೆ ಬಿಟ್ಟು, ಸವದತ್ತಿ ಹತ್ತಿರದ ಮಲಪ್ರಭೆಯಿಂದ ಪಂಪ್ ಮಾಡಿ ತಂದ ನೀರಿಗೆ ಕಾಯುತ್ತೇವಲ್ಲ, ನನಗೆ ಬಹಳ ಸಂಕಟವಾಗುತ್ತದೆ.

10 ಸಾವಿರ ಲೀಟರಿನ ಟಾಕಿ ಸಾಕು. ಮುಂಗಾರು, ಹಿಂಗಾರು ಸೇರಿ ಅದು ಮತ್ತೆ ಮತ್ತೆ ತುಂಬುತ್ತದೆ. ನಳದ ನೀರಿನ ಟಾಕಿ ಬೇರೆಯೇ ಇರಲಿ. ಮೊದಲ ಮಳೆಯಲ್ಲಿ ಧೂಳು, ಹಕ್ಕಿ ಹಿಕ್ಕೆ ಬರುತ್ತದೆ, ಅದನ್ನು ಹೊರಗೆ ಬಿಡಿ. ಆಮೇಲಿನದನ್ನು ಜಲ್ಲಿ, ಉಸುಕಿನ ಮೂಲಕ ಸೋಸಿ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಸೊಳ್ಳೆ. ಈ ನೀರು ಬಟ್ಟೆ, ಪಾತ್ರೆ, ಶೌಚಾಲಯ, ಗಿಡಗಳಿಗೆ.

ಕಾಂಕ್ರೀಟ್ ಪಾಯದ ಸುತ್ತ ಒಂದು ಪಟ್ಟಿಯಷ್ಟೇ ಸಾಕು, ಹೊರಗೆ ಇಳಿಜಾರಾಗಿರಲಿ. ಉಳಿದ ಅಂಗಳ ಮಣ್ಣಾಗಿಯೇ ಇರಲಿ. ಜಾಗ ಇದ್ದರೆ ಕಾಂಪೌಂಡ್ ಹತ್ತಿರ ಕರಿಬೇವು ಹಚ್ಚಿ. ಎಲ್ಲರೂ ಅಂಗಳ ಮುಚ್ಚಿದರೆ ಮಳೆ ಪೂರ್ತಿ ರಸ್ತೆಗೇ ಅಲ್ವಾ? ತಗ್ಗಿನ ಓಣಿಯವರ ಮನೆಗೆ ನುಗ್ಗುವುದು ಅದೇ ನೀರು.

ಟಾಕಿ ತುಂಬಿ ಹೆಚ್ಚಾದದ್ದನ್ನು ಒಳಚರಂಡಿಗೆ ಜೋಡಿಸಲೇಬೇಡಿ. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಹೊಲಸು ಬೀದಿಗೆ ಬರಲು ಇದೂ ದೊಡ್ಡ ಕಾರಣ. ಸ್ಲ್ಯಾಬ್ ಇನ್ನೂ ಹಾಕಿಲ್ಲ ಅಂದರೆ ಗೌಂಡಿಗೆ ಈಗಲೇ ಹೇಳಿ: ತಾರಸಿಯ ನೀರು ಟಾಕಿ ಇರುವ ಮೂಲೆಗೇ ಇಳಿಯುವಂತೆ ಇಳಿಜಾರು ಕೊಡಲಿ.