ಬಿಎ ಓದಿದವರಿಗೆ ಕೆಲಸ ಸಿಗುವುದಿಲ್ಲ ಎನ್ನುವುದು ನಿಜವೇ? 29ನೇ ವಯಸ್ಸಿನಲ್ಲಿ ಇನ್ನೊಂದು ಡಿಗ್ರಿ ಮಾಡಬೇಕೇ?

ನೀವು ಬರೆದಿರುವುದು ಇಷ್ಟು: ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತೆಗೆದುಕೊಂಡು ಬಿಎ ಮುಗಿಸಿ ಏಳು ವರ್ಷವಾಗಿದೆ, ದಾವಣಗೆರೆಯ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೀರಿ, ತಿಂಗಳಿಗೆ 15,000 ಬರುತ್ತದೆ. ‘ಬಿಎ ಓದಿದ್ದೇ ತಪ್ಪಾಯಿತು’ ಎಂದು ಮನೆಯಲ್ಲಿ ಹೇಳುತ್ತಾರೆ. ಅಂಕಿಅಂಶಗಳೂ ಹಾಗೆಯೇ ಹೇಳುತ್ತವೆಯೇ, ಕೆಲಸ ಬಿಟ್ಟು ಮೂರು ವರ್ಷ ಬಿಸಿಎ (ಕಂಪ್ಯೂಟರ್ ಪದವಿ) ಮಾಡಿದರೆ ಹೇಗೆ ಎಂದು ಕೇಳಿದ್ದೀರಿ.

ಕೆಲಸ ಬಿಟ್ಟು ಬಿಸಿಎ ಮಾಡಬೇಡಿ. ಕಾರಣ ಸ್ವಲ್ಪ ಉದ್ದ ಇದೆ.

ಮೊದಲು ಅಂಕಿಅಂಶದ ಮಾತು. ನಮ್ಮ ದೇಶದಲ್ಲಿ ಉದ್ಯೋಗ, ನಿರುದ್ಯೋಗದ ಲೆಕ್ಕ ಬರುವುದು ಮುಖ್ಯವಾಗಿ 2017-18ರಿಂದ ನಡೆಯುತ್ತಿರುವ ಪಿಎಲ್‌ಎಫ್‌ಎಸ್ ಎಂಬ ಸರ್ಕಾರಿ ಸಮೀಕ್ಷೆಯಿಂದ. 2022-23ರಲ್ಲಿ 15 ವರ್ಷ ಮೇಲ್ಪಟ್ಟವರ ಒಟ್ಟು ನಿರುದ್ಯೋಗ ದರ ಶೇ 3.2 ಇದ್ದರೆ ಪದವೀಧರರಲ್ಲಿ ಅದು ಶೇ 13.4 ಇತ್ತು. ಓದುಬರಹ ಬಾರದವರಲ್ಲಿ ಶೇ 1 ಕೂಡ ಇರಲಿಲ್ಲ. ಹಾಗಂತ ಓದದಿದ್ದರೆ ಕೆಲಸ ಬೇಗ ಸಿಗುತ್ತದೆ ಎಂದು ಓದಿಕೊಳ್ಳಬಾರದು. ಕೂತು ಕಾಯುವ ಅನುಕೂಲ ಬಡವರಿಗಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾರೆ. ಮನೆಯಲ್ಲಿ ಅಪ್ಪನ ಸಂಬಳವೋ ಹೊಲವೋ ಇರುವ ಪದವೀಧರ ಕಾಯುತ್ತಾನೆ, ಕಾಯುವವನನ್ನೇ ಸಮೀಕ್ಷೆ ನಿರುದ್ಯೋಗಿ ಎಂದು ಬರೆದುಕೊಳ್ಳುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಬಿಎ, ಬಿಕಾಂ, ಬಿಎಸ್ಸಿಯನ್ನು ಬೇರೆ ಬೇರೆ ಮಾಡಿ ತೋರಿಸಲು 2023-24ರವರೆಗಿನ ಈ ಸಮೀಕ್ಷೆಯಿಂದ ಆಗುವುದೇ ಇಲ್ಲ. ಸಾಮಾನ್ಯ ಶಿಕ್ಷಣದ ಕಾಲಂನಲ್ಲಿ ‘ಪದವೀಧರ’ ಎಂಬ ಒಂದೇ ಸಂಕೇತ. ತಾಂತ್ರಿಕ ಶಿಕ್ಷಣದ ಕಾಲಂನಲ್ಲಿ ಕೃಷಿ, ಎಂಜಿನಿಯರಿಂಗ್, ವೈದ್ಯಕೀಯ ಪದವಿಗಳನ್ನೆಲ್ಲ 02 ಎಂಬ ಒಂದು ಸಂಕೇತಕ್ಕೆ ತುಂಬಿದ್ದಾರೆ. ಡಿಪ್ಲೊಮಾ ಆದರೆ ವಿಷಯವಾರು ಸಿಗುತ್ತದೆ, ಪದವಿಗೆ ಸಿಗುವುದಿಲ್ಲ. ಆದ್ದರಿಂದ ‘ಬಿಎ ನಿರುದ್ಯೋಗ ಶೇ ಇಷ್ಟು, ಬಿಕಾಂ ಶೇ ಇಷ್ಟು’ ಎಂಬ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದು ಈ ಸಮೀಕ್ಷೆಯದಲ್ಲ. ಕೋರ್ಸುವಾರು ಶೇಕಡಾ ತೋರಿಸುವ ‘ಇಂಡಿಯಾ ಸ್ಕಿಲ್ಸ್ ರಿಪೋರ್ಟ್’ ಇದೆ ನಿಜ, ಆದರೆ ಅದು ಒಂದು ಪರೀಕ್ಷೆಯ ಅಂಕದಿಂದ ಯಾರು ಕೆಲಸಕ್ಕೆ ಯೋಗ್ಯರು ಎಂದು ಅಂದಾಜಿಸುವ ವರದಿ. ಯಾರಿಗೆ ಕೆಲಸ ಸಿಕ್ಕಿತು ಎಂಬ ಎಣಿಕೆ ಅದರಲ್ಲಿಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ನಿರುದ್ಯೋಗ ದರ ಓದುವಾಗ ಛೇದದಲ್ಲಿ ಯಾರಿದ್ದಾರೆ ಎಂದೂ ನೋಡಬೇಕು. ಪಿಎಲ್‌ಎಫ್‌ಎಸ್‌ನಲ್ಲಿ ಪ್ರತಿ ವ್ಯಕ್ತಿಗೂ ಒಂದು ಸಂಕೇತ ಕೊಡುತ್ತಾರೆ: ಸಂಬಳದ ಕೆಲಸಕ್ಕೆ 31, ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ದುಡಿದರೆ 21, ಕೆಲಸ ಹುಡುಕುತ್ತಿದ್ದರೆ 81, ಓದುತ್ತಿದ್ದರೆ 91, ಮನೆಗೆಲಸ ಮಾತ್ರ ಎಂದರೆ 92. ಇವುಗಳಲ್ಲಿ 91 ಮತ್ತು 92 ನಿರುದ್ಯೋಗದ ಲೆಕ್ಕಕ್ಕೇ ಬರುವುದಿಲ್ಲ. ಮದುವೆಯಾದ ಮೇಲೆ ಕೆಲಸ ಹುಡುಕುವುದನ್ನು ಬಿಟ್ಟ ಎಂಎ ಪದವೀಧರೆ ನಿರುದ್ಯೋಗಿಯಲ್ಲ. ಕೆಪಿಎಸ್‌ಸಿಗೆ ಓದುತ್ತ ಎಂಎಗೆ ಹೆಸರು ಹಚ್ಚಿರುವ ಹುಡುಗ 91ರಲ್ಲಿ ಕೂತಿರುತ್ತಾನೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತ ಬಿಎಸ್ಸಿ ಹುಡುಗ 21, ಅಂದರೆ ಉದ್ಯೋಗಸ್ಥ! ಹೆಣ್ಣುಮಕ್ಕಳು ಹೆಚ್ಚಾಗಿ ಓದುವ ವಿಷಯಗಳ ನಿರುದ್ಯೋಗ ದರ ಕಡಿಮೆ ಕಂಡರೆ, ಅದರ ಹಿಂದೆ 92ರ ಗುಂಪು ಎಷ್ಟು ದೊಡ್ಡದಿದೆ ಎಂದು ಕೇಳಲೇಬೇಕು.

ವಿಷಯವಾರು ಲೆಕ್ಕ ಚೆನ್ನಾಗಿ ಸಿಗುವುದು ಅಮೆರಿಕದಲ್ಲಿ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು 22ರಿಂದ 27 ವಯಸ್ಸಿನ ಹೊಸ ಪದವೀಧರರ ಪಟ್ಟಿ ಪ್ರಕಟಿಸುತ್ತದೆ. 2023ರ ಅಂಕಿಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರ ನಿರುದ್ಯೋಗ ಶೇ 6ರಷ್ಟು, ಕಲಾ ಇತಿಹಾಸ ಓದಿದವರದು ಶೇ 3ರಷ್ಟು. ಹಾಗಾದರೆ ಕಲಾ ಇತಿಹಾಸವೇ ವಾಸಿ ಎನ್ನೋಣವೇ? ಪಕ್ಕದ ಕಾಲಂ ನೋಡಿ. ಡಿಗ್ರಿಯೇ ಬೇಕಿಲ್ಲದ ಕೆಲಸದಲ್ಲಿರುವವರು ಕಂಪ್ಯೂಟರ್ ಸೈನ್ಸ್‌ನಲ್ಲಿ ಶೇ 16-17, ಕಲಾ ಇತಿಹಾಸದಲ್ಲಿ ಶೇ 47ರ ಆಸುಪಾಸು. ಒಬ್ಬರು ತಮ್ಮ ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಿದ್ದಾರೆ, ಇನ್ನೊಬ್ಬರು ಸಿಕ್ಕಿದ್ದಕ್ಕೆ ಸೇರಿಕೊಂಡಿದ್ದಾರೆ. ಓದಿನ ವಿಷಯ ಉದ್ಯೋಗದ ಮೇಲೆ ಗುರುತು ಬಿಡುವುದು ‘ಕೆಲಸ ಇದೆಯೇ’ ಎಂಬ ಕಡೆಗಿಂತ ‘ಎಂಥ ಕೆಲಸ’ ಎಂಬ ಕಡೆ. ಶ್ರೀಮಂತ ದೇಶಗಳಲ್ಲಿ 25ರಿಂದ 64 ವಯಸ್ಸಿನ ಪದವೀಧರರನ್ನೆಲ್ಲ ಸೇರಿಸಿ ನೋಡಿದರೂ ಐಟಿ, ಎಂಜಿನಿಯರಿಂಗ್ ಮೇಲೆ, ಕಲೆ ಮತ್ತು ಮಾನವಿಕ ಕೆಳಗೆ. ಆದರೆ ಉದ್ಯೋಗದಲ್ಲಿರುವವರ ಪ್ರಮಾಣದಲ್ಲಿ ಆ ಎರಡು ತುದಿಗಳ ಅಂತರ ಹತ್ತು ಅಂಶದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಂಬಳದಲ್ಲಿ ಅಂತರ ಇದಕ್ಕಿಂತ ಬಹಳ ದೊಡ್ಡದು.

ನಿಮ್ಮ ವಿಚಾರದಲ್ಲಿ ವಯಸ್ಸು ಇನ್ನೂ ದೊಡ್ಡ ಸಂಗತಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ದುಡಿಮೆ ವರದಿಯ ಪ್ರಕಾರ 25ರೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 42 ದಾಟಿತ್ತು, 35 ದಾಟಿದ ಪದವೀಧರರಲ್ಲಿ ಶೇ 5ಕ್ಕಿಂತ ಕಡಿಮೆ. ಅದೇ ಡಿಗ್ರಿ, ಹತ್ತು ಹನ್ನೆರಡು ವರ್ಷ ಕಳೆದಿದೆ ಅಷ್ಟೆ. ಕಾಲ ಕಳೆದಂತೆ ಎಲ್ಲರೂ ಎಲ್ಲಾದರೂ ಸೇರಿಕೊಳ್ಳುತ್ತಾರೆ, ಕೆಲವರು ಹುಡುಕುವುದನ್ನೇ ಬಿಡುತ್ತಾರೆ. ನೀವು ಈಗಾಗಲೇ ಕೆಲಸದಲ್ಲಿದ್ದೀರಿ, ಆ ಕಷ್ಟದ ಭಾಗ ದಾಟಿದ್ದೀರಿ. ಮೂರು ವರ್ಷ ಬಿಸಿಎ ಓದಿ 32ಕ್ಕೆ ಹೊರಬಂದರೆ ಮತ್ತೆ 21ರ ಹುಡುಗರ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಾಗುತ್ತದೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಓದಿನ ನಡುವೆ ಬಿದ್ದ ವರ್ಷಗಳನ್ನು ಎಣಿಸಿ ಮೊದಲ ಸುತ್ತಿನಲ್ಲೇ ಹೊರಗಿಡುವುದುಂಟು.

ಹಾಗಾದರೆ ವಿಷಯದಿಂದ ಏನೂ ವ್ಯತ್ಯಾಸವಿಲ್ಲ, ಜಾಣರು ಎಲ್ಲಿ ಓದಿದರೂ ಮೇಲೆ ಬರುತ್ತಾರೆ ಎಂಬ ವಾದವೂ ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮುಖ್ಯವಿಷಯವಾಗಿ ಬೇಕೆಂದರೆ ಆರಂಭದ ಪತ್ರಿಕೆಗಳಲ್ಲಿ 2.8 ಜಿಪಿಎ (ಸರಾಸರಿ ಗ್ರೇಡ್ ಅಂಕ) ಇರಬೇಕೆಂಬ ನಿಯಮವಿತ್ತು. ಗೆರೆಯ ಆಚೆ ಈಚೆ ಕೂದಲೆಳೆಯಲ್ಲಿ ನಿಂತವರು ಜಾಣತನದಲ್ಲಿ ಒಂದೇ ಮಟ್ಟದವರು. ಗೆರೆ ದಾಟಿ ಅರ್ಥಶಾಸ್ತ್ರ ಓದಿದವರ ವಾರ್ಷಿಕ ಸಂಬಳ ಕೆಲಸದ ಮೊದಲ ವರ್ಷಗಳಲ್ಲಿ ಸುಮಾರು 22,000 ಡಾಲರ್, ಅಂದರೆ ಶೇ 46ರಷ್ಟು ಹೆಚ್ಚಿತ್ತು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಈ ಹೆಚ್ಚಳದ ಸುಮಾರು ಅರ್ಧಕ್ಕೆ ಕಾರಣ, ಅವರು ಬ್ಯಾಂಕಿಂಗ್, ಹಣಕಾಸಿನಂಥ ಬೇರೆ ಉದ್ಯಮಕ್ಕೆ ಹೋದದ್ದು. ಇದಕ್ಕೆ ಎದುರಾಗಿ 2020ರ ಇನ್ನೊಂದು ಅಧ್ಯಯನವನ್ನೂ ಇಟ್ಟುಕೊಳ್ಳಿ: ಕಂಪ್ಯೂಟರ್, ಎಂಜಿನಿಯರಿಂಗ್‌ನಂಥ ತಂತ್ರಜ್ಞಾನದ ವಿಷಯಗಳಿಗೆ ಸಿಗುವ ಹೆಚ್ಚುವರಿ ಸಂಬಳ ಮೊದಲ ಹತ್ತು ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಕರಗುತ್ತದೆ, ಏಕೆಂದರೆ ಕಲಿತದ್ದು ಬೇಗ ಹಳತಾಗುತ್ತದೆ. 32ಕ್ಕೆ ಬಿಸಿಎ ಹಿಡಿದು ಹೊರಡುವವರು ಇದನ್ನು ಎರಡು ಸಲ ಓದಬೇಕು.

ನನ್ನ ಅಭಿಪ್ರಾಯದಲ್ಲಿ ನಿಮ್ಮ ವಯಸ್ಸಿಗೆ ‘ಯಾವ ವಿಷಯಕ್ಕೆ ಬೇಡಿಕೆ’ ಎಂಬ ಪ್ರಶ್ನೆಗಿಂತ ‘ಯಾವ ಬಾಗಿಲು ನಿಯಮದಿಂದ ಮುಚ್ಚಿದೆ’ ಎಂಬ ಪ್ರಶ್ನೆಯೇ ಉಪಯುಕ್ತ. ಕೆಲವು ಕೆಲಸಗಳಿಗೆ ಇಂಥದ್ದೇ ಪ್ರಮಾಣಪತ್ರ ಇಲ್ಲದಿದ್ದರೆ ಎಷ್ಟು ಅನುಭವವಿದ್ದರೂ ಒಳಗೆ ಬಿಡುವುದಿಲ್ಲ. ನರ್ಸಿಂಗ್, ಫಾರ್ಮಸಿ, ವಕೀಲಿ, ಶಾಲಾ ಶಿಕ್ಷಕ ವೃತ್ತಿ ಹೀಗೆ. ಉಳಿದ ಬಹುತೇಕ ಖಾಸಗಿ ಕೆಲಸಗಳಲ್ಲಿ ‘ಯಾವುದೇ ಪದವಿ’ ಸಾಕು, ಆಮೇಲೆ ಕೈಕೆಲಸ ನೋಡುತ್ತಾರೆ. ಮೊದಲ ಗುಂಪಿನಲ್ಲಿ ವಿಷಯ ಬದಲಿಸಿದರೆ ಲಾಭವಿದೆ, ಎರಡನೆಯದರಲ್ಲಿ ಹೊಸ ಡಿಗ್ರಿ ಬರೀ ಖರ್ಚು.

ನಿಮ್ಮ ದಾರಿಯಲ್ಲೇ ಅಂಥ ಒಂದು ಬಾಗಿಲಿದೆ. ಲೆಕ್ಕಪತ್ರ ನೋಡುತ್ತೀರಿ ಎಂದಿರಿ. ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು ಹತ್ತಾರು ಅಂಗಡಿಗಳ ರಿಟರ್ನ್ ಸಲ್ಲಿಸಲು ಕೇಂದ್ರ ಜಿಎಸ್‌ಟಿ ನಿಯಮ 83ರ ಪ್ರಕಾರ ವಾಣಿಜ್ಯ, ಕಾನೂನು, ಬ್ಯಾಂಕಿಂಗ್ ಅಥವಾ ವ್ಯವಹಾರ ನಿರ್ವಹಣೆಯಲ್ಲಿ ಪದವಿಯೋ ಸ್ನಾತಕೋತ್ತರ ಪದವಿಯೋ ಸಾಮಾನ್ಯವಾಗಿ ಬೇಕು. ಎಚ್‌ಇಪಿ ಬಿಎ ನಡೆಯುವುದಿಲ್ಲ. ನೀವು ಇದೇ ಕೆಲಸವನ್ನು ಏಳು ವರ್ಷ ಮಾಡಿದ್ದರೂ ನಿಮ್ಮ ಹೆಸರಿನಲ್ಲಿ ನೋಂದಣಿ ಆಗುವುದಿಲ್ಲ. ಬಿಎ ಮೇಲೆ ಎಂಬಿಎ ಮಾಡಿದರೆ ಆಗುತ್ತದೆ, ಬಿಕಾಂ ಮಾಡಿದರೂ ಆಗುತ್ತದೆ. ಇವನ್ನು ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಮಾಡಬಹುದು.

ದುಡ್ಡಿನ ಲೆಕ್ಕ ಹಾಕೋಣ. ಕೆಲಸ ಬಿಟ್ಟು ಮೂರು ವರ್ಷ ಬಿಸಿಎ: ಹೋದ ಸಂಬಳ 15,000 × 36 = 5.4 ಲಕ್ಷ. ಫೀಸು, ಪುಸ್ತಕ, ಓಡಾಟ 1.5 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 6.9 ಲಕ್ಷ. ಆಮೇಲೆ 22,000 ಸಂಬಳದ ಕೆಲಸ ಸಿಕ್ಕರೆ ತಿಂಗಳಿಗೆ 7,000 ಹೆಚ್ಚು, ವರ್ಷಕ್ಕೆ 84,000. ಹಾಕಿದ್ದು ವಾಪಸಾಗಲು ಎಂಟು ವರ್ಷಕ್ಕೂ ಮೇಲೆ, ಅದೂ ಬಡ್ಡಿ ಹಿಡಿಯದೆ, ಆ ಮೂರು ವರ್ಷದಲ್ಲಿ ಈಗಿನ ಕೆಲಸದಲ್ಲಿ ಸಿಗಬಹುದಾಗಿದ್ದ ಏರಿಕೆಯನ್ನು ಬಿಟ್ಟು. ಕೆಲಸದಲ್ಲೇ ಇದ್ದು ದೂರಶಿಕ್ಷಣಕ್ಕೆ 60,000 ಖರ್ಚು ಮಾಡಿ ಆಮೇಲೆ ತಿಂಗಳಿಗೆ 3,000 ಹೆಚ್ಚು ಬಂದರೂ 20 ತಿಂಗಳಲ್ಲಿ ತೀರುತ್ತದೆ. ಇಲ್ಲಿನ ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ಹಾಕಿ ನೋಡಿ.

ದೂರಶಿಕ್ಷಣದಲ್ಲಿ ಎಡವುವುದು ಮಾನ್ಯತೆಯಲ್ಲಿ. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು ಕಂಡರೆ ಸಾಲದು, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಅನುಮತಿ ಇದೆಯೇ ಎಂದು ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2012-13ರ ನಂತರ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳ ವಿದ್ಯಾರ್ಥಿಗಳು ಪಟ್ಟ ಪಾಡು ರಾಜ್ಯಕ್ಕೆಲ್ಲ ಗೊತ್ತು.

ಬಿ.ಇಡಿ. ಬಗ್ಗೆಯೂ ಯಾರಾದರೂ ಹೇಳಿಯೇ ಇರುತ್ತಾರೆ. ಎರಡು ವರ್ಷ, ಬಾಗಿಲು ತೆರೆಯುವುದೂ ನಿಜ, ಆದರೆ ಬಾಗಿಲ ಹಿಂದೆ ಎಷ್ಟು ಕುರ್ಚಿ ಇವೆ ಎಂಬುದು ಬೇರೆ ಮಾತು. 6ರಿಂದ 8ನೇ ತರಗತಿಯ ಸರ್ಕಾರಿ ಹುದ್ದೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು, ನೇಮಕಾತಿ ಅಧಿಸೂಚನೆ ಬರಬೇಕು, ನಿಮ್ಮ ವಿಷಯದ ಹುದ್ದೆ ಅದರಲ್ಲಿರಬೇಕು. ಸಮಾಜ ವಿಜ್ಞಾನದಲ್ಲಿ ಪೈಪೋಟಿ ಜಾಸ್ತಿ. ಸರ್ಕಾರಿ ಕೆಲಸವೇ ಗುರಿಯಾದರೆ ವಯೋಮಿತಿಯನ್ನು ಮೊದಲು ಎಣಿಸಿ: ರಾಜ್ಯದ ಬಹುತೇಕ ಹುದ್ದೆಗಳಿಗೆ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40. ಆಗಾಗ ಸಡಿಲಿಕೆ ಕೊಡುತ್ತಾರೆ, ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಕಾಲೇಜಿಗೇ ಹೋಗುವುದಾದರೆ ‘ಶೇ 95 ಪ್ಲೇಸ್‌ಮೆಂಟ್’ ಫಲಕ ನೋಡಿ ಸೇರಬೇಡಿ. ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಶ್ರೇಯಾಂಕಕ್ಕೆ ಅರ್ಜಿ ಹಾಕಿದ ಸಂಸ್ಥೆಗಳು ತಾವು ಸಲ್ಲಿಸಿದ ದತ್ತಾಂಶವನ್ನು ತಮ್ಮ ಜಾಲತಾಣದಲ್ಲೂ ಹಾಕಬೇಕು. ಅದರಲ್ಲಿ ಸೇರಿದವರು, ನಿಗದಿತ ಅವಧಿಯಲ್ಲಿ ಮುಗಿಸಿದವರು, ಕೆಲಸ ಸಿಕ್ಕವರು, ಅವರ ಸಂಬಳದ ಮಧ್ಯಾಂಕ (ಎಲ್ಲರ ಸಂಬಳವನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಮೊತ್ತ), ಉನ್ನತ ಓದಿಗೆ ಹೋದವರು ಎಂಬ ಸಾಲುಗಳಿರುತ್ತವೆ. ಒಂದು ಕಾಲ್ಪನಿಕ ಉದಾಹರಣೆ: 110 ಜನ ಸೇರಿದರು, 78 ಜನ ಸಮಯಕ್ಕೆ ಪಾಸಾದರು, 52 ಜನಕ್ಕೆ ಕೆಲಸ. ಬ್ಯಾಕ್‌ಲಾಗ್ ಇಲ್ಲದ, ಶೇ 60 ಮೇಲಿನ, ಹೆಸರು ನೋಂದಾಯಿಸಿದ 55 ಜನರನ್ನು ಮಾತ್ರ ‘ಅರ್ಹರು’ ಎಂದು ಎಣಿಸಿದರೆ 52 ಎಂಬುದು ಶೇ 95. ಸೇರಿದ 110ಕ್ಕೆ ಭಾಗಿಸಿದರೆ ಶೇ 47. ಎರಡೂ ಸುಳ್ಳಲ್ಲ, ಆದರೆ ಸೇರುವ ದಿನ ನಿಮಗೆ ಬೇಕಾದದ್ದು ಎರಡನೆಯದು. ಸಂಬಳದಲ್ಲಿ ಸರಾಸರಿ ಬಿಟ್ಟು ಮಧ್ಯಾಂಕ ನೋಡಿ, ಒಬ್ಬನಿಗೆ ಸಿಕ್ಕ 40 ಲಕ್ಷದಿಂದ ಸರಾಸರಿ ಸುಮ್ಮನೆ ಏರುತ್ತದೆ. ಒಬ್ಬನಿಗೆ ಬಂದ ಮೂರು ಆಫರ್‌ಗಳನ್ನು ಮೂರು ಎಂದು ಎಣಿಸಿದ್ದಾರೆಯೇ ಎಂದೂ ಕೇಳಿ.

ಏನೇ ತೀರ್ಮಾನಿಸುವ ಮೊದಲು ನಿಮ್ಮೂರಿನದೇ ಒಂದು ಸಣ್ಣ ಸಮೀಕ್ಷೆ ಮಾಡಿ. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ನೀವು ನಿಜವಾಗಿ ಹೋಗಲು ಸಿದ್ಧವಿರುವ ಕೆಲಸಗಳ 40 ಜಾಹೀರಾತು ಒಟ್ಟುಮಾಡಿ, ಅರ್ಹತೆಯ ಸಾಲನ್ನು ಮಾತ್ರ ಓದಿ. ಇಂಥದ್ದೇ ಪದವಿ ಬೇಕು ಎನ್ನುವವು, ಯಾವುದೇ ಪದವಿ ಸಾಕು ಎನ್ನುವವು, ಪದವಿಯ ಮಾತೇ ಎತ್ತದೆ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್ ಗೊತ್ತಿರಬೇಕು ಎನ್ನುವವು ಎಂದು ಮೂರು ರಾಶಿ ಮಾಡಿ ಪ್ರತಿಯೊಂದರ ಎದುರಿಗೆ ಸಂಬಳ ಬರೆಯಿರಿ. ಮೊದಲ ರಾಶಿ ದೊಡ್ಡದಾಗಿದ್ದು ಸಂಬಳವೂ ಬಹಳ ಹೆಚ್ಚಿದ್ದರೆ ಆ ಪದವಿಗೆ ದೂರಶಿಕ್ಷಣದಲ್ಲಿ ಹೆಸರು ಹಚ್ಚಿ. ಮೂರನೆಯದು ದೊಡ್ಡದಿದ್ದರೆ ನಿಮ್ಮಲ್ಲಿ ಯಾವ ಕೌಶಲ ಕಡಿಮೆಯಿದೆಯೋ ಅದಷ್ಟನ್ನೇ ಕಲಿತು, ಈಗಿನ ಅಂಗಡಿಯಿಂದ ಅನುಭವದ ಪತ್ರವನ್ನು ಲೆಟರ್‌ಹೆಡ್ ಮೇಲೆ, ನೀವು ಮಾಡಿದ ಕೆಲಸಗಳನ್ನು ಹೆಸರಿಸಿ ಬರೆಸಿಕೊಳ್ಳಿ. ‘ಏಳು ವರ್ಷ ನಮ್ಮಲ್ಲಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಪತ್ರದಿಂದ ಮುಂದಿನ ಕಡೆ ಏನೂ ಪ್ರಯೋಜನವಾಗುವುದಿಲ್ಲ.